ಹೆಣಕ್ಕೆ ಮುಖ

"ಕಿಂಡಿ ತೆಗೆದಿಡು ಅಂದಿದ್ನಲ್ಲ, ಮತ್ಯಾಕೆ ಮುಚ್ಚಿದೆ?" ಎಂದು ಗೊಣಗುತ್ತ ಫುಸಾ ಶವಪೆಟ್ಟಿಗೆಯ ಮೇಲಿನ ಎರಡು ಪುಟ್ಟ ಬಾಗಿಲುಗಳನ್ನು ಮತ್ತೆ ತೆರೆದಳು. ಗಾಜಿನ ಕೆಳಗೆ ಗಂಡ ಇಸೊಜಿಯ ಮುಖ ಕಾಣಿಸಿತು. ಗಡ್ಡ ಬೋಳಿಸಿ, ತಲೆ ಬಾಚಿ, ಮದುಮಗನ ಹಾಗೆ ಮಾಡಿ ಮಲಗಿಸಿದ್ದರು.

"ಧೂಳು ಕೂರುತ್ತೆ ಅಂತ ಮುಚ್ಚಿದೆ, ಅತ್ತಿಗೆ," ಎಂದ ಡೆಂಕಿಚಿ. ಇಸೊಜಿಯ ಜೊತೆಯಲ್ಲೇ ಕ್ಯೋಟೊದ ಸ್ಟುಡಿಯೋಗಳಲ್ಲಿ ಕತ್ತಿಯೇಟು ತಿಂದು ಸಾಯುವ ಪಾತ್ರ ಮಾಡಿಕೊಂಡೇ ಮುದುಕನಾದವನು ಅವನು.

"ಕೂರಲಿ. ಇವತ್ತಾದ್ರೂ ನಾಲ್ಕು ಜನ ಇವರ ಮುಖ ನೋಡ್ಲಿ. ಅವನೂ ನೋಡ್ಲಿ."

ಅವನು ಎಂದರೆ ಶಿರಾಮಿನೆ. ದೇಶಕ್ಕೆ ದೇಶವೇ ತಲೆಯ ಮೇಲೆ ಹೊತ್ತು ಮೆರೆಸಿದ ಸಮುರಾಯಿ ಸಿನಿಮಾಗಳ ನಾಯಕ.

"ದೊಡ್ಡವರು ಬಂದೇ ಬರ್ತಾರೆ ಅತ್ತಿಗೆ. ಟೀವಿಯವರು ಆಗಲೇ ಬಂದು ಕೂತಿದ್ದಾರೆ. ಇವರು ಬರದೇ ಇರ್ತಾರಾ?"

* * *

ಮದುವೆಯಾದ ಹೊಸತರಲ್ಲಿ ಫುಸಾ ಸಿನಿಮಾ ಮಂದಿರದ ಮೊದಲ ಸಾಲಿನಲ್ಲಿ ಕೂತು ಗಂಡನನ್ನು ಹುಡುಕಿ ಹುಡುಕಿ ಸೋತಿದ್ದಳು. ಕಂಡದ್ದು ಬೆನ್ನು, ಹಿಮ್ಮಡಿ, ಅಷ್ಟೇ.

"ಸಾಯೋವಾಗ ಯಾಕ್ರೀ ಆ ಕಡೆ ತಿರುಗ್ತೀರಿ?"

"ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಸಾಯೋದೇ ನಮ್ಮ ಕಸುಬು ಕಣೆ," ಎಂದು ಇಸೊಜಿ ನಕ್ಕಿದ್ದ. "ನನ್ನ ಮುಖ ಕಂಡ್ರೆ ಜನಕ್ಕೆ ಅಯ್ಯೋ ಅನ್ಸುತ್ತೆ. ಆಮೇಲೆ ನಾಯಕನಿಗೆ ಚಪ್ಪಾಳೆ ಹೊಡೆಯೋರ್ಯಾರು?"

ಹಾಗೆಂದವನೇ ಒಂದು ಸಿನಿಮಾದಲ್ಲಿ, ಹೆಂಡತಿ ನೋಡಲಿ ಎಂಬ ಆಸೆಗೆ, ಕ್ಯಾಮೆರಾದತ್ತ ತಿರುಗಿ ಬಿದ್ದ. ಶಿರಾಮಿನೆ ಕತ್ತಿ ಕೆಳಗಿಳಿಸಿ ಎಲ್ಲರೆದುರು, "ಹೆಣಕ್ಕೆ ಯಾಕಯ್ಯಾ ಮುಖ?" ಎಂದ. ಸ್ಟುಡಿಯೋ ಇಡೀ ನಕ್ಕಿತು. ಇಸೊಜಿ ಎದ್ದು ಮಣ್ಣು ಕೊಡವಿಕೊಂಡು, ಬೆನ್ನು ತಿರುಗಿಸಿ ಇನ್ನೊಮ್ಮೆ ಸತ್ತ. ಮನೆಗೆ ಬಂದು ಅದನ್ನೇ ತಮಾಷೆ ಮಾಡಿ ಹೇಳಿದ. ಫುಸಾಳ ಗಂಟಲಲ್ಲಿ ಮಾತ್ರ ಆ ಮಾತು ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡು ಉಳಿಯಿತು.

* * *

ಶಿರಾಮಿನೆ ಕೋಲೂರಿಕೊಂಡು ಬಂದ. ಎಲ್ಲರೂ ಬಾಗಿದರು. ಧೂಪ ಹಾಕಿ ಪೆಟ್ಟಿಗೆಯ ಹತ್ತಿರ ಬಂದು ನಿಂತ. ಇನ್ನೊಂದು ಚೂರು ಬಗ್ಗಿದರೆ ಮುಖ ಕಾಣುತ್ತಿತ್ತು.

"ಸಾರ್, ಗಾಜಿನಲ್ಲಿ ಲೈಟ್ ಹೊಡೀತಿದೆ," ಎಂದ ಕ್ಯಾಮೆರಾದವನು.

ದೊಡ್ಡವರ ದುಃಖಕ್ಕೂ ಬೆಳಕು ಸರಿಯಾಗಿರಬೇಕಲ್ಲ. ಶಿರಾಮಿನೆ ಕೆಳಗೆ ನೋಡದೆಯೇ ಎರಡು ಬೆರಳಿನಿಂದ ಬಾಗಿಲುಗಳನ್ನು ಮೆಲ್ಲಗೆ ಮುಚ್ಚಿ, ಕ್ಯಾಮೆರಾದ ಕಡೆ ತಿರುಗಿದ. ಕಣ್ಣು ತುಂಬಿ ಬಂತು. "ಹೋಗಿ ಬಾರೋ, ಗೆಳೆಯಾ," ಎಂದ.

ಡೆಂಕಿಚಿ ಬಿಕ್ಕಿದ. "ಈ ವಯಸ್ಸಲ್ಲೂ ಏನು ಅಭಿನಯ, ಅತ್ತಿಗೆ," ಎಂದು ಪಿಸುಗುಟ್ಟಿ, ನಾಲಗೆ ಕಚ್ಚಿಕೊಂಡ.

ಫುಸಾ ಎದ್ದಳು. ನೆಟ್ಟಗೆ ಹೋಗಿ ಬಾಗಿಲು ತೆರೆದು, ಶಿರಾಮಿನೆಗೆ ಎದುರಾಗಿ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಂತಳು.

"ಅಜ್ಜಿ, ಅಡ್ಡ ಬರ್ತಿದೀರಿ."

"ಬರ್ಲಿ ಬಿಡಪ್ಪಾ." ಆಮೇಲೆ ಶಿರಾಮಿನೆಗೆ ಹೇಳಿದಳು, "ನೋಡಿ. ಹೆಣಕ್ಕೂ ಮುಖ ಇರುತ್ತೆ."

ಶಿರಾಮಿನೆಯ ಕಣ್ಣು ಗಾಜಿನ ಮೇಲೆ ಬೀಳಲೇ ಇಲ್ಲ. ಅವಳ ಭುಜದಾಚೆ ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿದೆಯೇ ಎಂದು ಅವನು ಇಣುಕುತ್ತಿದ್ದ.

ಸಂಜೆ, ದಹನದ ನಂತರ ಆಯ್ದು ತಂದ ಗಂಡನ ಮೂಳೆಗಳ ಕುಡಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಫುಸಾ ಟೀವಿ ಹಾಕಿದಳು. ಅವಳು ಎದ್ದು ಹೋಗಿ ಬಾಗಿಲು ತೆರೆದ ಭಾಗವನ್ನು ಕತ್ತರಿಸಿದ್ದರು. ಪರದೆಯ ತುಂಬ ಶಿರಾಮಿನೆಯ ಒದ್ದೆ ಮುಖ. ಕೆಳಗೆ ಅಂಚಿನಲ್ಲಿ, ಮುಚ್ಚಿದ ಎರಡು ಪುಟ್ಟ ಬಾಗಿಲು.