ಬಿಟ್ಟ ಸ್ಥಳದಲ್ಲಿ ಕುದುರೆಯ ಹೆಸರು

ನಾನು ಒಂದು ಸೈಕ್ಲೋಸ್ಟೈಲ್ ಯಂತ್ರ. ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಹೊಟ್ಟೆಯಲ್ಲಿ ಮಸಿ ತುಂಬಿದ ಉರುಳೆ, ಬಲಗಡೆ ಒಂದು ಹಿಡಿ, ಮುಂದೆ ಕಾಗದ ಬಂದು ಬೀಳುವ ತಟ್ಟೆ, ಇಷ್ಟೇ ನಾನು. ಮೇಣದ ಹಾಳೆಯ ಮೇಲೆ ಗೀಚಿದ್ದನ್ನು ನನ್ನ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ ಸುತ್ತಿಗೊಂದು ಪ್ರತಿ ಹೊರಬೀಳುತ್ತದೆ. ಅದರಲ್ಲಿ ಬರೆದಿರುವುದು ನಿಜವೋ ಸುಳ್ಳೋ ಎಂದು ನನ್ನನ್ನು ಯಾರೂ ಕೇಳುವುದಿಲ್ಲ.

ಮೊದಲ ಹನ್ನೊಂದು ವರ್ಷ ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕಿದೆ. ಆಮೇಲೆ ಕರೆಂಟಿನ ಯಂತ್ರ ಬಂತು. ಮುರಿದ ಬೆಂಚುಗಳ ಜೊತೆ ನನ್ನನ್ನೂ ಹರಾಜಿಗಿಟ್ಟರು. ಕೊಂಡವನು ಚಂದ್ರಚೂಡ.

ಆಗ ಅವನಿಗೆ ನಲವತ್ತೈದರ ಆಸುಪಾಸು. ಇಸ್ತ್ರಿ ಮಾಡಿದ ಸಫಾರಿ, ಬಾಯಲ್ಲಿ ಯಾವಾಗಲೂ ಏಲಕ್ಕಿ. ಮೈಸೂರಿನ ಇಟ್ಟಿಗೆಗೂಡಿನಲ್ಲಿ ಅವನ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ನನ್ನನ್ನು ಕೂರಿಸಿದ. ರೇಸ್‌ಕೋರ್ಸು ಅಲ್ಲಿಗೆ ಹತ್ತಿರ. ಬೆಳಿಗ್ಗೆ ಕುದುರೆಗಳನ್ನು ಓಡಿಸುವ ಸದ್ದು ಕೇಳುತ್ತಿತ್ತು. ಒಂದು ಕುದುರೆಯನ್ನೂ ನಾನು ಕಣ್ಣಾರೆ ಕಂಡಿಲ್ಲ. ಚಂದ್ರಚೂಡ ಕಂಡಿದ್ದ, ಆದರೆ ಒಂದು ದಿನವೂ ಯಾವ ಕುದುರೆಯ ಮೇಲೂ ದುಡ್ಡು ಕಟ್ಟಿದವನಲ್ಲ.

ನನ್ನಿಂದ ಅಚ್ಚು ಹಾಕಿಸುತ್ತಿದ್ದ ಪತ್ರ ಹೀಗಿತ್ತು: “ಮಾನ್ಯರೇ, ನಾನು ಕುದುರೆ ಲಾಯಗಳಲ್ಲಿ ಇಪ್ಪತ್ತೆಂಟು ವರ್ಷ ಕಳೆದವನು. ತಮ್ಮಂಥ ಆಯ್ದ ಕೆಲವೇ ಸಜ್ಜನರಿಗೆ ಈ ಗುಟ್ಟು ತಿಳಿಸುತ್ತಿದ್ದೇನೆ. ಈ ಶನಿವಾರದ ಮೂರನೇ ರೇಸಿನಲ್ಲಿ ಗೆಲ್ಲುವ ಕುದುರೆ...” ಅಲ್ಲಿ ಅರ್ಧ ಗೇಣು ಜಾಗ ಖಾಲಿ. ಮುಂದಕ್ಕೆ, “ಈಗ ನನಗೆ ಒಂದು ಪೈಸೆಯೂ ಬೇಡ. ಸುಮ್ಮನೆ ನೋಡಿ.” ಕೆಳಗೆ ಸಹಿ, ಮೇಜರ್ ಪ್ರತಾಪ. ವಿಳಾಸಕ್ಕೆ ಬರೀ ಅಂಚೆಪೆಟ್ಟಿಗೆಯ ನಂಬರು.

ಅಂಥ ಮೇಜರ್ ಯಾರೂ ಇರಲಿಲ್ಲ. ಖಾಲಿ ಜಾಗ ತುಂಬುತ್ತಿದ್ದವಳು ಚಂದ್ರಚೂಡನ ಹೆಂಡತಿ ವಿಶಾಲು. ಅವಳ ಅಕ್ಷರ ಮುತ್ತಿನಂತೆ. ಎಂಟು ಕುದುರೆ ಓಡುವ ರೇಸು ಆರಿಸಿಕೊಂಡು, ಎಂಟು ನೂರು ಪತ್ರ ತೆಗೆದು, ಮೊದಲ ನೂರಕ್ಕೆ ಒಂದು ಹೆಸರು, ಎರಡನೆಯ ನೂರಕ್ಕೆ ಇನ್ನೊಂದು, ಹೀಗೆ ಬರೆಯುತ್ತಿದ್ದಳು. ಯಾವ ಕುದುರೆ ಗೆದ್ದರೂ ನೂರು ಮನೆಯಲ್ಲಿ ಮೇಜರನ ಮಾತು ನಿಜವಾಗುತ್ತಿತ್ತು. ಮಿಕ್ಕ ಏಳು ನೂರು ಜನ ಕಾಗದ ಹರಿದು ಎಸೆದು ಮರೆಯುತ್ತಿದ್ದರು. ಮುಂದಿನ ವಾರ ಆ ನೂರು ಜನಕ್ಕೆ ಮಾತ್ರ ಪತ್ರ. ಐದು ಕುದುರೆ, ಇಪ್ಪತ್ತು ಇಪ್ಪತ್ತಾಗಿ. ಕೊನೆಗೆ ಉಳಿದ ಇಪ್ಪತ್ತು ಜನರ ಪಾಲಿಗೆ ಮೇಜರ್ ಎರಡು ವಾರ ಸುಳ್ಳೇ ಆಡಿಲ್ಲ. ಮೂರನೆಯ ಪತ್ರದಲ್ಲಿ ಅವನು ಫೀಜು ಕೇಳುತ್ತಿದ್ದ.

ಹಾಗೆ ಉಳಿದವರಲ್ಲಿ ಒಬ್ಬ ಹುಣಸೂರಿನ ಅಕ್ಕಸಾಲಿ ವೀರಭದ್ರಾಚಾರಿ.

ಅವನು ಅಂಚೆ ಕಚೇರಿಯಲ್ಲಿ ಎರಡು ದಿನ ಕಾದು, ಪೆಟ್ಟಿಗೆ ತೆಗೆದ ಚಂದ್ರಚೂಡನ ಹಿಂದೆಯೇ ನಮ್ಮ ಬಾಗಿಲಿಗೆ ಬಂದ. ಜಗಳಕ್ಕಲ್ಲ. ಕೈಯಲ್ಲಿ ಬಾಳೆಗೊನೆ ಇತ್ತು.

“ಮೇಜರ್ ಸಾಹೇಬ್ರನ್ನ ಕಾಣ್ಬೇಕಿತ್ತು ಸ್ವಾಮಿ. ಎರಡು ಸಾರಿನೂ ಹೇಳಿದ್ದೇ ಹೇಳಿದಂಗೆ ಆಯ್ತು.”

“ಸಾಹೇಬ್ರು ಊಟಿಗೆ ಹೋಗಿದಾರೆ,” ಎಂದ ಚಂದ್ರಚೂಡ. “ನಾನು ಅವ್ರ ಸೆಕ್ರೆಟರಿ. ಏನಾಗ್ಬೇಕಿತ್ತು?”

“ಈ ಸಲ ದೊಡ್ಡದಾಗಿ ಕಟ್ಬೇಕು ಅಂತಿದೀನಿ. ಅವ್ರ ಬಾಯಿಂದ ಒಂದು ಮಾತು ಕೇಳಾನಾ ಅಂತ.”

ಚಂದ್ರಚೂಡ ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದ. “ಟ್ರಂಕ್ ಕಾಲ್ ಮಾಡಿ ಕೇಳ್ದೆ. ಸಿಲ್ವರ್ ಬೆಲ್ ಅಂತೆ. ಕಣ್ಮುಚ್ಕೊಂಡು ಕಟ್ಟಿ.”

ಆ ಮನೆಯಲ್ಲಿ ಟೆಲಿಫೋನೇ ಇರಲಿಲ್ಲ. ಬಾಗಿಲ ಮರೆಯಲ್ಲಿದ್ದ ವಿಶಾಲು ತಲೆ ತಗ್ಗಿಸಿದಳು. ಆಚಾರಿ ಕೈಮುಗಿದು ಹೋದ. ಚಿನ್ನವನ್ನು ಒರೆಗಲ್ಲಿಗೆ ಉಜ್ಜದೆ ಮುಟ್ಟದ ಮನುಷ್ಯ, ಕಾಗದವನ್ನು ಯಾವುದಕ್ಕೂ ಉಜ್ಜಿ ನೋಡಲಿಲ್ಲ.

ಸಿಲ್ವರ್ ಬೆಲ್ ಕೊನೆಯಲ್ಲಿ ಬಂತು. ಆಚಾರಿ ಕಟ್ಟಿದ್ದು ತನ್ನ ದುಡ್ಡಲ್ಲ. ರಿಪೇರಿಗೆ ಬಂದಿದ್ದ ಗಿರಾಕಿಗಳ ಬಳೆ, ಓಲೆ, ಸರಗಳನ್ನು ಒತ್ತೆಯಿಟ್ಟು ತಂದದ್ದು. ಸೋಮವಾರ ಮತ್ತೆ ಬಂದ. ಈ ಸಾರಿ ಕೈಯಲ್ಲಿ ಏನೂ ಇರಲಿಲ್ಲ.

“ಊರಿಗೆ ಹೆಂಗೆ ಹೋಗ್ಲಿ ಸ್ವಾಮಿ? ಅಂಗಡಿ ಮುಂದೆ ಹೆಂಗಸ್ರು ಕಾಯ್ತಾವ್ರೆ.”

ಚಂದ್ರಚೂಡ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ನನ್ನ ಹಿಡಿ ತಿರುಗಿಸಿ ಅವನಿಗೆ ಭುಜ ನೋಯುತ್ತಿತ್ತು. “ಹೋಗ್ಬೇಡಿ,” ಎಂದ. “ಇಲ್ಲೇ ಇರಿ. ಎರಡೊತ್ತು ಊಟ ಹಾಕ್ತೀನಿ. ಈ ಮಿಷಿನ್ ತಿರುಗಿಸ್ತೀರಾ?”

ಮೊದಲ ದಿನ ಆಚಾರಿ ನಾಲ್ಕು ನೂರು ಸುತ್ತು ತಿರುಗಿಸಿದ. ನೀರು ಕುಡಿಯಲು ಎದ್ದವನು ವಿಶಾಲುವಿನ ಮುಂದೆ ನಿಂತ. ಅವಳು ಒಂದು ಕಟ್ಟಿಗೆ ರಾಯಲ್ ಫೆದರ್ ಎಂದು ಬರೆದು ಮುಗಿಸಿ, ಪಕ್ಕದ ಕಟ್ಟಿಗೆ ಬ್ಲ್ಯಾಕ್ ಡ್ರಮ್ ಎಂದು ಬರೆಯುತ್ತಿದ್ದಳು. ಆಚಾರಿ ಎರಡು ಕಾಗದ ಎತ್ತಿಕೊಂಡು ಪಕ್ಕಪಕ್ಕ ಹಿಡಿದ. ಆಮೇಲೆ ಮೂರನೆಯದು, ನಾಲ್ಕನೆಯದು.

“ಒಂದೇ ರೇಸು,” ಎಂದ ನಿಧಾನವಾಗಿ.

ವಿಶಾಲು ಮುಂದಿನ ಕಾಗದ ಎಳೆದುಕೊಂಡು ಬ್ಲ್ಯಾಕ್ ಡ್ರಮ್ ಎಂದು ಬರೆದಳು.

ಅವನು ಚಂದ್ರಚೂಡನ ಕುತ್ತಿಗೆ ಹಿಡಿಯುತ್ತಾನೆ ಎಂದು ನಾನು ಕಾದೆ. ಅವನು ನೀರು ಕುಡಿದು ಬಂದು ಮಿಕ್ಕ ನಾಲ್ಕು ನೂರನ್ನೂ ತಿರುಗಿಸಿದ.

ಎರಡು ತಿಂಗಳಾದ ಮೇಲೆ ಕೆ.ಆರ್. ನಗರದ ಒಬ್ಬ ಮೇಷ್ಟರಿಂದ ಪತ್ರ ಬಂತು. ಚಂದ್ರಚೂಡ ಗಟ್ಟಿಯಾಗಿ ಓದಿ ನಕ್ಕ. “ನನಗೆ ಬಂದ ಕಾಗದದಲ್ಲಿ ಒಂದು ಕುದುರೆ, ಪಕ್ಕದ ಮನೆಯವರಿಗೆ ಬಂದದ್ದರಲ್ಲಿ ಇನ್ನೊಂದು. ಎರಡೂ ಒಂದೇ ಕೈಬರಹ. ಇಷ್ಟು ಖಚಿತವಾಗಿ ಗೊತ್ತಿರುವವರು ತಾವೇ ಕಟ್ಟಿ ಸಾಹುಕಾರರಾಗದೆ ನಮಗೇಕೆ ಅಂಚೆಚೀಟಿ ಹಚ್ಚುತ್ತೀರಿ?” ಹನ್ನೊಂದು ವರ್ಷ ನಾನು ಮೇಷ್ಟರುಗಳ ನಡುವೆ ಇದ್ದವನು. ಆ ಪತ್ರ ಕೇಳಿ ಹಿತವೆನಿಸಿತು.

ನಗದೆ ಇದ್ದವನು ಆಚಾರಿ. “ಒಂದೊಂದು ಬೀದಿಗೆ ಒಂದೊಂದು ಕುದುರೆ ಕೊಡಿ,” ಎಂದ. “ಅಕ್ಕಪಕ್ಕದೋರು ಮಾತಾಡ್ಕೊಂಡ್ರೂ ಎರಡೂ ಕಾಗ್ದ ಒಂದೇ ಇರ್ತವೆ. ಇನ್ನೂ ನಂಬ್ತಾರೆ.”

ಚಂದ್ರಚೂಡ ಏಲಕ್ಕಿ ಡಬ್ಬಿ ತೆಗೆದು ಅವನ ಮುಂದೆ ಹಿಡಿದ. ಆವತ್ತಿನಿಂದ ಅವನು ಆಚಾರಿಯ ಜೊತೆಗೇ ಊಟಕ್ಕೆ ಕೂರತೊಡಗಿದ.

ಸಂಕ್ರಾಂತಿ ಕಳೆದ ಮೇಲೆ ಹುಣಸೂರಿನ ವ್ಯಾಪಾರಿಗಳ ಸಂಘದ ಪಟ್ಟಿ ಸಿಕ್ಕಿತು. ಲಕೋಟೆಗಳ ಮೇಲೆ ವಿಳಾಸ ಬರೆಯುತ್ತಿದ್ದ ವಿಶಾಲು ಒಂದು ಹೆಸರಿನ ಹತ್ತಿರ ಪೆನ್ನು ನಿಲ್ಲಿಸಿದಳು.

“ಆಚಾರ್ರೇ, ಮಹದೇವಾಚಾರಿ ಅಂತ ಇದೆ. ನಿಮ್ಮ ಅಂಗಡಿ ವಿಳಾಸಾನೇ.”

“ಹೆಂಡ್ತಿ ತಮ್ಮ. ಈಗ ಅವ್ನೇ ನೋಡ್ಕತಾವ್ನೆ. ಗಿರಾಕಿಗಳ ಒಡವೆ ಒಂದೊಂದಾಗಿ ಬಿಡಿಸಿ ಕೊಡ್ತಾವ್ನಂತೆ.”

“ಈ ಹೆಸ್ರು ಹೊಡೆದು ಹಾಕ್ತೀನಿ,” ಎಂದಳು ವಿಶಾಲು. “ ನಮ್ಮ ಯಜಮಾನ್ರಿಗೆ ಗೊತ್ತಾಗಲ್ಲ.”

ಆಚಾರಿಯ ಕೈ ನನ್ನ ಹಿಡಿಯ ಮೇಲಿತ್ತು.

“ನನ್ನ ಹೆಸ್ರನ್ನ ಯಾರಾದ್ರೂ ಹೊಡೆದು ಹಾಕಿದ್ರಾ ತಾಯಿ?” ಎಂದು ಕೇಳಿ ತಿರುಗಿಸತೊಡಗಿದ.

ಮಹದೇವನ ಕುದುರೆ ಮೊದಲ ವಾರ ಗೆದ್ದಿತು, ಎರಡನೆಯ ವಾರವೂ ಗೆದ್ದಿತು. ಎಂಟು ನೂರರಲ್ಲಿ ಇಪ್ಪತ್ತು ಜನ ಉಳಿಯಲೇಬೇಕು, ಅವನು ಉಳಿದ. ಆದರೂ ಅವನಿಗೆ ಅನುಮಾನವಿತ್ತು. ಅವನೂ ಅಂಚೆ ಕಚೇರಿಯಲ್ಲಿ ಕಾದು, ಚಂದ್ರಚೂಡನ ಬೆನ್ನ ಹಿಂದೆಯೇ ಬಂದ. ಬಾಗಿಲಲ್ಲಿ ನಿಂತು, “ಇದು ನಿಜ್ವೋ ಮೋಸ್ವೋ ತಿಳ್ಕಂಡು ಹೋಗನಾ ಅಂತ ಬಂದೆ,” ಎಂದವನು ನನ್ನ ಪಕ್ಕ ಮಸಿ ಮೆತ್ತಿದ ಕೈಯಲ್ಲಿ ನಿಂತಿದ್ದವನನ್ನು ಕಂಡ.

“ಭಾವ!”

ಆಚಾರಿ ಗೋಡೆ ಕಡೆ ತಿರುಗಿದ.

“ಭಾವ, ಎಂಟು ತಿಂಗಳಾಯ್ತು. ಅಕ್ಕ ಬದುಕವ್ರೋ ಇಲ್ವೋ ಅಂತ ಅಳ್ತಾಳೆ. ನೀವು ಇಲ್ಲೇ, ಮೇಜರ್ ಸಾಹೇಬ್ರ ಹತ್ರಾನೇ ಇದೀರಾ?” ಮಹದೇವನ ಮುಖದಲ್ಲಿದ್ದ ಅನುಮಾನವೆಲ್ಲ ಕರಗಿಹೋಯಿತು. “ಹಂಗಾದ್ರೆ ಇದು ದಿಟಾನೇ. ಕಳ್ದಿದ್ದನ್ನ ಎತ್ತಕೇ ನೀವು ಇಲ್ಲಿದೀರಿ, ಅಲ್ವಾ ಭಾವ?”

ಚಂದ್ರಚೂಡ ಏಲಕ್ಕಿ ಅಗಿಯುತ್ತ ಆಚಾರಿಯನ್ನೇ ನೋಡುತ್ತಿದ್ದ, ನಾಟಕ ನೋಡುವವನ ಹಾಗೆ. ವಿಶಾಲು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಆಚಾರಿ ಕೈ ಒರೆಸಿಕೊಂಡ. ಮೇಜಿನ ಮೇಲೆ ಐದು ಕಟ್ಟುಗಳಿದ್ದವು. ಕೈಗೆ ಹತ್ತಿರವಿದ್ದ ಕಟ್ಟಿನಿಂದ ಒಂದು ಕಾಗದ ತೆಗೆದು, ಹೆಸರು ಸಹ ನೋಡದೆ ಹೆಂಡತಿಯ ತಮ್ಮನ ಕೈಗಿಟ್ಟ.

“ಕಟ್ಟು,” ಎಂದ.

“ಎಷ್ಟು ಭಾವ?”

“ಇರೋದ್ನೆಲ್ಲ.”

ಮಹದೇವ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ಹದಿನೈದು ದಿನದ ಮೇಲೆ, ತಮ್ಮ ಹೇಳಿದ್ದ ಗುರುತು ಹಿಡಿದು ಮೀನಾಕ್ಷಮ್ಮ ಬಂದಳು, ಆಚಾರಿಯ ಹೆಂಡತಿ. ತೆಳ್ಳಗಿನ ಹೆಂಗಸು. ಚಂದ್ರಚೂಡ ಮನೆಯಲ್ಲಿರಲಿಲ್ಲ. ಆಚಾರಿ ಎದ್ದು ನಿಂತ. ಅವಳು ಅವನ ಕಡೆ ನೋಡಲೇ ಇಲ್ಲ. “ಕಟ್ಟಿದ್ದೆಲ್ಲ ಕಳ್ಕಂಡು ಮಹದೇವ ಊರು ಬುಟ್ಟು ಹೋಗ್ಬುಟ್ಟ,” ಎಂದಳು ಗೋಡೆಗೆ ಹೇಳುವಂತೆ. “ಎಲ್ಲಿಗೆ ಅಂತ ಯಾರ್ಗೂ ಗೊತ್ತಿಲ್ಲ. ಹೆಂಡ್ತಿ ಹಾಸಿಗೆ ಹಿಡಿದವ್ಳೆ.” ಆಮೇಲೆ ಹೊಸ ರೇಸಿನ ಎಂಟು ಕಟ್ಟುಗಳಿದ್ದ ಮೇಜಿನ ಹತ್ತಿರ ಬಂದಳು. ಓದು ಅವಳಿಗೆ ಅಷ್ಟಕ್ಕಷ್ಟೇ. ಕಟ್ಟಿಗೊಂದರಂತೆ ಕಾಗದ ಎತ್ತಿ, ಒಂದರ ಮೇಲೊಂದು ಇಟ್ಟು ನೋಡಿದಳು. ಎಲ್ಲ ಒಂದೇ, ಒಂದು ಮಾತು ಮಾತ್ರ ಬೇರೆ. ವಿಶಾಲು ಅವಳನ್ನು ತಡೆಯಲಿಲ್ಲ. ಅವಳ ಕೈಗೆಟುಕದ ಕಟ್ಟುಗಳನ್ನೂ ಮುಂದಕ್ಕೆ ತಳ್ಳಿದಳು.

ಆ ಎಂಟು ಕಾಗದಗಳನ್ನು ಮೀನಾಕ್ಷಮ್ಮ ಮುಚ್ಚಿದ ಅಂಗಡಿಯ ಬಾಗಿಲಿಗೆ ಸಾಲಾಗಿ ಅಂಟಿಸಿದಳಂತೆ. ಸಂತೆಯ ದಿನ. ಓದು ಬಂದವರು ಬಾರದವರಿಗೆ ಓದಿ ಹೇಳಿದರು. ಜೇಬಿನಲ್ಲೇ ಅಂಥ ಕಾಗದ ಇಟ್ಟುಕೊಂಡಿದ್ದ ನಾಲ್ಕಾರು ಜನ ತೆಗೆದು ತಾಳೆ ನೋಡಿದರು. ಹತ್ತು ದಿನಕ್ಕೆ ಪೊಲೀಸರು ನಮ್ಮ ಕೋಣೆಗೆ ಬಂದರು. ಚಂದ್ರಚೂಡ ಹಿಂದಿನ ಬಾಗಿಲಿಂದ ಹೋದವನು ಹೋದ. ಸಿಕ್ಕವರು ನಾನು, ಆಚಾರಿ, ವಿಶಾಲು.

ನನ್ನ ಮೈಗೆ ಒಂದು ಚೀಟಿ ಕಟ್ಟಿ ಕೋರ್ಟಿನ ಮೇಜಿನ ಮೇಲಿಟ್ಟರು. ವಿಶಾಲು ಗಂಡನ ವಿರುದ್ಧ ಎಲ್ಲವನ್ನೂ ಹೇಳಿದಳು, ಅವಳನ್ನು ಬಿಟ್ಟರು. ಆಮೇಲೆ ಜಡ್ಜು ಆಚಾರಿಯನ್ನು ಕೇಳಿದರು, “ಇದು ಮೋಸ ಅಂತ ನಿನಗೆ ಗೊತ್ತಿತ್ತೇನಪ್ಪ?”

“ಗೊತ್ತಿತ್ತು ಬುದ್ಧಿ.”

“ಯಾವಾಗಿಂದ?”

“ಮೊದಲ್ನೆ ದಿನದಿಂದ.”

ಒಂದು ವರ್ಷದ ಸಜೆಯಾಯಿತು. ಜವಾನ ನನ್ನನ್ನು ಹೊತ್ತು ತಂದು, ಉಸಿರು ತಿರುಗಿಸಿಕೊಳ್ಳಲು ಜಗಲಿಯ ಮೇಲೆ ಇಳಿಸಿದ. ಪೊಲೀಸರ ನಡುವೆ ನಿಂತಿದ್ದ ಆಚಾರಿಗೆ ಕಂಬದ ಪಕ್ಕ ಮೀನಾಕ್ಷಮ್ಮ ಕಂಡಳು.

“ಮೀನಾಕ್ಷಿ, ಹೊರಗೆ ಬಂದ ಮೇಲೆ ಮನೆಗೆ ಬರ್ಲಾ?”

ಅವಳು ಮೊದಲ ಸಲ ಅವನ ಮುಖ ನೋಡಿದಳು.

“ಬನ್ನಿ,” ಎಂದಳು. “ಮಹದೇವನ ಮೂರು ಮಕ್ಳೂ ನಮ್ಮ ಮನೇಲೇ ಅವ್ರೆ. ಅಪ್ಪ ಎಲ್ಲಿ ಅಂತ ದಿನಾ ಕೇಳ್ತವೆ. ನೀವೇ ಬಂದು ಹೇಳಿ. ಅವ್ರ ಎದುರಿಗೇ ತಟ್ಟೆ ಇಟ್ಕೊಡ್ತೀನಿ, ದಿನಾ ಅಲ್ಲೇ ಕೂತು ಉಣ್ಣಿ.”

ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು. ಪೊಲೀಸರು ಎರಡು ಸಾರಿ ಎಳೆದ ಮೇಲೆ ಆಚಾರಿಯ ಕಾಲು ಎದ್ದಿತು.

ಆಗಿನಿಂದ ನಾನು ಕೋರ್ಟಿನ ಉಗ್ರಾಣದಲ್ಲಿದ್ದೇನೆ. ಒಂದು ಕಡೆ ಕಳುವಿನ ಸೈಕಲ್ಲುಗಳು, ಇನ್ನೊಂದು ಕಡೆ ಮುಚ್ಚಳವಿಲ್ಲದ ಟ್ರಂಕುಗಳು. ಉರುಳೆಯ ಮಸಿ ಒಣಗಿ ಕಲ್ಲಾಗಿದೆ. ಮೊನ್ನೆ ಗುಜರಿಯವನು ಬಂದು ನನ್ನನ್ನು ಎತ್ತಿ ತೂಕ ಅಂದಾಜು ಮಾಡಿ ಹೋದ. ಸುತ್ತಿಗೆಯಿಂದ ಒಡೆದು ಕರಗಿಸುತ್ತಾರಂತೆ. ಆಗಲಿ. ಆಚಾರಿ ಹೊರಗೆ ಬಂದು ಆ ಮನೆಗೆ ಹೋದನೋ ಇಲ್ಲವೋ, ಹೇಳುವವರು ಇಲ್ಲಿ ಯಾರೂ ಇಲ್ಲ. ಹೋಗಿರಲಿ ಎಂದು ನನ್ನ ಆಸೆ. ಅವನ ಒಳ್ಳೆಯದಕ್ಕೆಂದು ನಾನು ಹಾಗೆ ಆಸೆ ಪಡುತ್ತಿಲ್ಲ.