ಬೇಡದ ಫೋಲ್ಡರ್

ಟಕ್ ಟಕ್, ಯಾರೋ ಕೌಂಟರಿನ ಗಾಜಿಗೆ ಉಂಗುರ ಬಡಿಯುತ್ತಿದ್ದಾರೆ, ಹೇರೋಹಳ್ಳಿಯ ಮುನಿವೆಂಕಟಪ್ಪನವರೇ ಇರಬೇಕು, ಸೊಸೆಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲವಂತೆ, ಇನ್ನೂ ಎಷ್ಟೊತ್ತಮ್ಮಾ, ಆಯ್ತು ಯಜಮಾನ್ರೇ ಕೂತ್ಕೊಳ್ಳಿ, ಅಂಬುಜಾ ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದಳು, ಏನಾಯ್ತು, ಮಣ್ಣು — ರಕ್ತದ ಚೀಲ ಫ್ರಿಜ್ಜಿನಲ್ಲಿ ಕೂತಿದೆ, ಲೇಬಲ್ ಇಲ್ಲದೆ ಅದು ಈ ರಕ್ತನಿಧಿಯ ಬಾಗಿಲು ದಾಟುವ ಹಾಗಿಲ್ಲ, ಲೇಬಲ್ ಅಚ್ಚಾಗಬೇಕಾದರೆ ಬೆಳಿಗ್ಗೆ ತಂದ ಹೊಸ ಪ್ರಿಂಟರಿಗೆ ಸಾಫ್ಟ್‌ವೇರ್ ಹಾಕಬೇಕು, ಹಾಕಹೋದರೆ ಈ ಲಿನಕ್ಸ್ ಕಂಪ್ಯೂಟರು ತನ್ನಲ್ಲಿ ಯಾವ ಸಾಫ್ಟ್‌ವೇರೂ ಇಲ್ಲವೆನ್ನುತ್ತದೆ, ಇದೆಯಲ್ಲೋ, ಎಲ್ಲಾ ನಿನ್ನೊಳಗೇ ಓಡುತ್ತಿದೆ, ಏನೇನಿದೆ ಅನ್ನುವ ಪಟ್ಟಿ, ಆ ನೆನಪೊಂದೇ ಹೋಗಿದೆ, ಹೋದದ್ದಲ್ಲ, ಅಳಿಸಿದ್ದು, ಮ್ಯಾನೇಜರ್ ಸುಘೋಷ್ ಅಳಿಸಿದ್ದು. ಕಂಪ್ಯೂಟರಲ್ಲಿ ಜಾಗ ಸಾಲ್ತಿರ್ಲಿಲ್ಲ ಕಣ್ರೀ, ಬೇಡದ ಫೋಲ್ಡರ್ ತೆಗ್ದೆ. ಬೇಡದ್ದಂತೆ! ಯಾರಿಗೆ ಬೇಡದ್ದು? ಈಗ ಬಾಗಿಲಿಗೆ ಒರಗಿ ನಿಂತು, ಫಾರ್ಮ್ಯಾಟ್ ಹೊಡೀರಿ ಅಂಬುಜಾ, ಅಷ್ಟೇ ತಾನೆ. ಅಷ್ಟೇ ತಾನೆ! ರಕ್ತ ಕೊಟ್ಟವರ ದಾಖಲೆಯೆಲ್ಲ ಇದರಲ್ಲೇ ಇದೆ, ಫಾರ್ಮ್ಯಾಟ್ ಹೊಡೆದರೆ ಅದೂ ಅಳಿಸಿಹೋಗುತ್ತದೆ, ಇನ್ನೊಂದು ಪ್ರತಿ ಇಡೋಕೆ ಡಿಸ್ಕ್ ಬೇಕು ಸಾರ್ ಎಂದಾಗ ಮುಂದಿನ ವರ್ಷ ನೋಡೋಣ ಅಂದವನೂ ಇವನೇ.

ಬೈಯುವುದಕ್ಕೂ ಪುರುಸೊತ್ತಿಲ್ಲ, ಯೋಚಿಸು, ಈ ಯಂತ್ರ ತನ್ನ ನೆನಪಿನ ನಕಲೊಂದನ್ನು ತಾನೇ ಬೇರೆ ಮೂಲೆಯಲ್ಲಿ ಎತ್ತಿಡುತ್ತದೆ, ಅದನ್ನೂ ಒರೆಸಿರದಿದ್ದರೆ ಸಾಕು ದೇವರೇ — ಇದೆ, ಇದೆ! ನಕಲನ್ನು ಹಳೆಯ ಜಾಗಕ್ಕೆ ಹಾಕು, ಪಟ್ಟಿಯಲ್ಲಿರುವ ಒಂದೊಂದು ಸಾಫ್ಟ್‌ವೇರನ್ನೂ ಇಂಟರ್‌ನೆಟ್ಟಿನಿಂದ ಮತ್ತೆ ಇಳಿಸಿ ಇದ್ದಲ್ಲೇ ಕೂರಿಸು, ಬಿಳಿ ಅಕ್ಷರಗಳು ಮೇಲಕ್ಕೆ ಹರಿಯುತ್ತಿವೆ, ಹೊರಗೆ ಮೆಟ್ರೊ ಗುಡುಗಿ ಹೋಯಿತು, ಕುತ್ತಿಗೆಯಲ್ಲಿ ಬೆವರು, ಕರೆಂಟೇ ನೀನೊಂದು ಹೋಗಬೇಡ, ಕೊನೆಗೆ ಪ್ರಿಂಟರಿನ ಸಾಫ್ಟ್‌ವೇರ್, ತಕರಾರಿಲ್ಲದೆ ಕೂತಿತು, ಕರಕರ ಸದ್ದು, ಬೆಚ್ಚಗಿನ ಲೇಬಲ್. ಮುನಿವೆಂಕಟಪ್ಪ ಐಸ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಆಟೋದತ್ತ ಓಡಿಯೇ ಹೋದರು, ಸದ್ಯ — ಅಷ್ಟರಲ್ಲಿ ಹಿಂದಿನಿಂದ ಸುಘೋಷನ ದನಿ, ಫೋನಿನಲ್ಲಿ ರಕ್ತನಿಧಿಯ ಡಾಕ್ಟರಿಗೆ ಹೇಳುತ್ತಿದ್ದಾನೆ, ಹೂಂ ಸಾರ್, ಸಣ್ಣ ಪ್ರಾಬ್ಲಮ್ಮು, ನಾನೇ ಮುಂದೆ ನಿಂತು ಸರಿ ಮಾಡಿಸ್ದೆ. ಮಾಡಿಸಿದನಂತೆ! ಮೈಯೆಲ್ಲ ಉರಿದುಹೋಯಿತು, ಬೆರಳುಗಳು ಕೀಲಿಮಣೆಯ ಮೇಲೇ ಇದ್ದವು, ಏನನ್ನು ಬೇಕಾದರೂ ಅಳಿಸುವ ಅಧಿಕಾರವಿದ್ದವರ ಪಟ್ಟಿಯಿಂದ ಅವನ ಹೆಸರನ್ನು ತೆಗೆದಳು, ಮುಖ್ಯ ಪಾಸ್‌ವರ್ಡ್ ಬದಲಿಸಿದಳು, ಡಾಕ್ಟರು ಕೇಳಲಿ, ನಡೆದದ್ದೆಲ್ಲ ಬಿಡಿಸಿ ಹೇಳುತ್ತೇನೆ. ಹೊಸ ಪಾಸ್‌ವರ್ಡಾ, ಕೊಡಿ ಇಲ್ಲಿ, ಅವನು ಫೋನಿಟ್ಟು, ಪರದೆಯತ್ತ ಬಗ್ಗಿ ನೋಡಿ ಕೈ ಚಾಚಿದ. ಕೊಡಲ್ಲ. ಏನಂದ್ರಿ? ಕೊಡಲ್ಲ ಅಂದೆ. ಕೈ ಹಿಂದಕ್ಕೆ ಹೋಗಲಿಲ್ಲ, ನುಣುಪಾದ, ಕೆಂಪಗಿನ ಅಂಗೈ, ಕೇಳಿದ್ದೆಲ್ಲ ಬಂದು ಬೀಳುತ್ತದೆಂದೇ ನಂಬಿ ಬೆಳೆದ ಅಂಗೈ, ಇನ್ನೂ ಚಾಚಿಕೊಂಡೇ ಇದೆ, ಅವಳ ಮುಖದ ಮುಂದೆ, ಆ ಅಂಗೈ — ಇರಲಿ, ಖಾಲಿಯಾಗಿಯೇ ಇರಲಿ.