ಕೃಷ್ಣಮ್ಮನ ಗಾಂಚಾಲಿ

“ಏನಮ್ಮಿ ನಿಖಾತ್, ಗಾಂಚಾಲಿನಾ? ಸಾವ್ಕಾರ ಬಂದ್ರೆ ಏಳಾಕಾಗಾಕಿಲ್ವಾ?”

ರಾಮನಗರದ ಆ ರೇಷ್ಮೆ ಕಾರ್ಖಾನೆಯ ಮಾಲೀಕ ದೇವರಾಜ್ ಹಾಗೆ ಗುಡುಗಿದರೂ ನಿಖಾತ್ ತೊಟ್ಟಿಯ ಬಿಸಿನೀರಿನಿಂದ ಕೈ ತೆಗೆಯಲಿಲ್ಲ. ಗೂಡುಗಳ ಎಳೆ ಹುಡುಕುತ್ತಲೇ ಹೇಳಿದಳು: “ಎದ್ರೆ ಎಳೆ ಕಡೀತದೆ ಸಾವ್ಕಾರ್ರೇ. ಕಡುದ್ರೆ ಬೈಯೋರೂ ನೀವೇಯ.”

ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಕ್ಕದ ಕೃಷ್ಣಮ್ಮ ನಗಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಅವಳೇ. ಮೊಣಕೈಯಿಂದ ನೀರು ಸುರಿಯುತ್ತಿತ್ತು. ಎಳೆ ಕಡಿದಿತ್ತು.

“ಏಯ್ ಮುಂಡೇದೇ, ಎಳೆ ನೋಡ್ಲಿಲ್ವಾ?” ದೇವರಾಜ್ ತೊಟ್ಟಿಯ ಸತ್ತ ಹುಳಗಳನ್ನು ಬಾಚಿ ಅವಳ ಎದೆಗೆಸೆದು ಹೋದ.

ಅವನ ಮಗ ಕನಕಪುರದ ಕಡೆಯಿಂದ ಗೂಡು ತಂದ ರೈತರನ್ನು ಲೇ ಎಂದರೆ ಅದು ಖಡಕ್ಕು. ದೇವರಾಜನ ಹೆಂಡತಿ ಯಾರು ಕರೆದರೂ ತಿರುಗದಿದ್ದರೆ ಅದು ಗತ್ತು. ಗಾಂಚಾಲಿ ಎನ್ನುವುದು ಬಿಸಿನೀರಿನ ಮುಂದೆ ಕೂತವರಿಗಷ್ಟೇ. ಆ ಸಾಲಿನಲ್ಲೂ ನಿಖಾತ್ ಒಬ್ಬಳಿಗೆ. ಓರಗಿತ್ತಿಯ ಕೊರಳಲ್ಲಿ ಹೊಸ ಸರ ಕಂಡ ಹಾಗೆ ಕೃಷ್ಣಮ್ಮನ ಹೊಟ್ಟೆ ಉರಿಯಿತು.

ಊಟಕ್ಕೆ ಕೂತಾಗ ಬೆಂದು ಬೆಳ್ಳಗಾದ ಬೆರಳುಗಳಲ್ಲಿ ಮುದ್ದೆ ಮುರಿಯುತ್ತ ಕುಟುಕಿದಳು: “ಎಲ್ಲಾರ ಮುಂದೆ ಅಂಗಂದ್ನಲ್ಲಮ್ಮಿ, ನಿಂಗೆ ಒಸಿನೂ ನಾಚ್ಕೆ ಆಗಾಕಿಲ್ವಾ?”

“ನಿಮ್ಗೇನಂತಾನಕ್ಕಾ?”

ಕೃಷ್ಣಮ್ಮ ತುತ್ತು ನುಂಗಿದಳು. “ನಂಗಾ? ಏಯ್ ಅಂತಾನೆ.”

ಮಾರನೆಯ ದಿನ ದೇವರಾಜ್ ಬಂದಾಗ ನಿಖಾತಳ ಜೊತೆ ಕೃಷ್ಣಮ್ಮನೂ ಕೂತೇ ಇದ್ದಳು. ಗಾಂಚಾಲಿ ಎಂಬ ಆ ಮಾತಿಗಾಗಿ ಕಿವಿಗೊಟ್ಟು ಕಾದಳು.

“ಯಾಕಮ್ಮಿ, ಮಂಡಿ ನೋವಾ?” ಎಂದ ಅವನು.

“ಮಂಡಿ ಚೆನ್ನಾಗೇ ಐತೆ.”

ದೇವರಾಜ್ ಅವಳನ್ನು ಬಿಟ್ಟು ನಿಖಾತಳತ್ತ ತಿರುಗಿದ. “ಓಹೋ! ಹಸು ಇದ್ದಂಗಿದ್ದೋಳ್ಗೂ ನಿನ್ ಗಾಂಚಾಲಿ ಕಲಿಸ್ಬುಟ್ಟಾ? ಎದ್ದೋಗು. ನಾಳೆಯಿಂದ ಈ ಕಡೆ ಕಾಲಿಕ್ಬೇಡ.”

ನಿಖಾತ್ ನೀರಿನಿಂದ ಕೈ ತೆಗೆದಳು.

ತಾನು ಕೂತಿದ್ದಕ್ಕೂ ಗಾಂಚಾಲಿ ಅವಳದೇ. ಕೃಷ್ಣಮ್ಮ ಎದ್ದಳು. ಒದ್ದೆ ಕೈಯಲ್ಲೇ ಗೋಡೆಯ ಮೇಲಿನ ಮೋಟಾರಿನ ಸ್ವಿಚ್ಚು ಆರಿಸಿದಳು. ಮೋಟಾರು ನಿಂತಿತು. ಸಾಲಿನಲ್ಲಿ ಎಳೆ ಸುತ್ತುತ್ತಿದ್ದ ರಾಟೆಗಳೆಲ್ಲ ನಿಧಾನವಾಗಿ ತಿರುಗಿ ನಿಂತವು.

“ಅದು ಅವ್ಳದಲ್ಲ ಕಣಯ್ಯಾ, ನಂದು,” ಎಂದಳು. “ಎದ್ದೋಗು ಅನ್ನಂಗಿದ್ರೆ ನಂಗನ್ನು. ನನ್ ಹೆಸ್ರಿಡ್ದು ಅನ್ನು.”

ದೇವರಾಜ್ ಬಾಯಿ ತೆರೆದ. ಹೆಸರು ಬರಲಿಲ್ಲ. ಕೃಷ್ಣಮ್ಮ ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ.